ರಿಗ್ ಬರುವ ಮೊದಲೇ ಅಡಿ ಬರೆದಿಡಿ

ಮಾನ್ಯ ಸಂಪಾದಕರೇ,

ಮಧುಗಿರಿ ಕಡೆ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ತಂದ ರೈತರು ಬೆಂಚಿನ ಮೇಲೆ ಕೂತು ಬೋರ್‌ವೆಲ್ ಕಥೆ ಹೇಳುತ್ತಾರೆ. ಎಲ್ಲಿ ಕೊರೆಸಬೇಕು ಅಂತ ತಿಂಗಳುಗಟ್ಟಲೆ ಯೋಚನೆ. ತೆಂಗಿನಕಾಯಿ ಹಿಡಿದು ನೀರು ನೋಡುವವರೂ ಬರುತ್ತಾರೆ, ಜಿಯಾಲಜಿಸ್ಟೂ ಬರುತ್ತಾರೆ. ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಮಾತ್ರ ಯಾರೂ ಯೋಚಿಸುವುದಿಲ್ಲ.

ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿ, ಅಂದರೆ ಬೋರ್ ಕೊರೆಯುವ ಯಂತ್ರದ ಲಾರಿ, ಹೊಲಕ್ಕೆ ಇಳಿದ ಮೇಲೆ ಆ ತೀರ್ಮಾನ ಆಗುವ ಮಾತಲ್ಲ. ಕಂಪ್ರೆಸರ್ ಸದ್ದಿಗೆ ಪಕ್ಕದವರ ಮಾತು ಕೇಳಿಸದು. ಸುತ್ತ ನಿಂತ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 800 ಅಡಿ ದಾಟಿದರೂ ಬರೀ ದೂಳು. ಆಗ ಬರುವ ಮಾತು ಒಂದೇ: ‘ಇಷ್ಟು ದುಡ್ಡು ಹಾಕಿ ಆಗಿದೆ, ಇನ್ನೊಂದು ನೂರಡಿ ನೋಡೇಬಿಡೋಣ.’ ಹಾಕಿದ ದುಡ್ಡು ನಿಲ್ಲಿಸಿದರೂ ಬರಲ್ಲ, ಕೊರೆದರೂ ಬರಲ್ಲ. ಮುಂದಿನ ನೂರಡಿಗೆ ಎಷ್ಟಾಗುತ್ತೆ, ಅಲ್ಲಿ ನೀರು ಸಿಗೋ ಸಂಭವ ಎಷ್ಟು, ಇಷ್ಟೇ ಲೆಕ್ಕ. ಆಳ ಹೋದಂತೆ ಅಡಿಯ ರೇಟು ಏರುತ್ತದೆ. ನಮ್ಮದು ಗಟ್ಟಿ ಬಂಡೆಯ ನೆಲ, ನೀರಿರುವುದು ಬಿರುಕುಗಳಲ್ಲಿ. ಕೆಳಗೆ ಹೋದಂತೆ ಸಾಮಾನ್ಯವಾಗಿ ಆ ಬಿರುಕುಗಳೂ ಕಮ್ಮಿ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರವೊಂದಿದೆ. ಕಷ್ಟದ ತೀರ್ಮಾನ ಮಾಡುವ ದಾರಿ ಅದರಲ್ಲಿದೆ. ಹಾಳೆಯ ಮಧ್ಯೆ ಗೆರೆ ಎಳೆದು ಒಂದು ಕಡೆ ‘ಮಾಡಬೇಕು’ ಅನ್ನುವ ಕಾರಣ, ಇನ್ನೊಂದು ಕಡೆ ‘ಬೇಡ’ ಅನ್ನುವ ಕಾರಣ ಬರೆಯುವುದು. ಮೂರ್ನಾಲ್ಕು ದಿನ ಹೊಳೆದದ್ದನ್ನೆಲ್ಲ ಸೇರಿಸುತ್ತಾ ಹೋಗುವುದು. ಆಮೇಲೆ ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕಿ ಉಳಿದದ್ದನ್ನು ನೋಡುವುದು. ಚೆನ್ನಾಗಿದೆ. ಆದರೆ ರಿಗ್‌ನವರು ನಮಗೆ ಮೂರ್ನಾಲ್ಕು ನಿಮಿಷವೂ ಕೊಡಲ್ಲ. ಹಾಗಾಗಿ ಆ ಹಾಳೆ ಅಡ್ವಾನ್ಸ್ ಕೊಡುವ ಮೊದಲೇ ಮನೆಯಲ್ಲಿ ತುಂಬಬೇಕು.

ಪಕ್ಕದ ಹಳ್ಳಿಯ ರೈತರೊಬ್ಬರು ಹೆಂಡತಿಯ ಸರ ಅಡ ಇಟ್ಟು ಕೊರೆಸಲು ಹೊರಟಿದ್ದರು. ಕ್ಯಾಲೆಂಡರ್ ಹಾಳೆಯ ಹಿಂದೆ ‘700 ಅಡಿ, ಆಮೇಲೆ ಬೇಡ’ ಅಂತ ಬರೆದು ಆಯಮ್ಮನ ಕೈಗೇ ಕೊಟ್ಟರು. 690ರ ಹತ್ತಿರ ರಿಗ್‌ನವನು ಕಲ್ಲುಪುಡಿ ತೋರಿಸಿ, ‘ಬಣ್ಣ ಬದಲಾಗ್ತಿದೆ ಸಾರ್’ ಅಂದ. ಇವರ ಮನಸ್ಸು ಅಲ್ಲಾಡಿತು. ಆಯಮ್ಮ ಸೊಂಟದಿಂದ ಚೀಟಿ ತೆಗೆದು, ‘ಏಳ್ನೂರಾದ್ರೆ ಲೆಕ್ಕ ಮುಗೀತು, ರಾಡ್ ಎತ್ತಪ್ಪ’ ಅಂದರು. ಕೆಳಗೆ ನೀರಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ‘ಇನ್ನೊಂದೈವತ್ತು ಅಡಿ ಹೋಗಿದ್ರೆ’ ಅಂತ ಊರವರು ಈಗಲೂ ಅನ್ನುತ್ತಾರೆ. ಅನ್ನಲಿ ಬಿಡಿ. ಉಳಿದ ದುಡ್ಡಲ್ಲಿ ಅವರು ಕೃಷಿ ಹೊಂಡ ತೆಗೆಸಿದರು. ಅಡಿಕೆ ಆಸೆ ಬಿಟ್ಟು ತೊಗರಿ ಹಾಕಿದ್ದಾರೆ.

ಆ 700 ಅವರಿಗೆ ಹೊಳೆದದ್ದು ಸುಮ್ನೆ ಅಲ್ಲ. ಸುತ್ತಲಿನ ಹೊಲಗಳಿಗೆ ಹೋಗಿ ಯಾರ ಬೋರ್ ಎಷ್ಟು ಅಡಿ, ಎಷ್ಟು ಇಂಚು ನೀರು, ಯಾವುದು ಬತ್ತಿತು, ಎಲ್ಲ ಕೇಳಿದ್ದರು. ಬತ್ತಿದ್ದನ್ನು ಕೇಳುವವರೇ ಅಪರೂಪ. ಬಾಯಿ ಬಿಟ್ಟು ಹೇಳುವವರು ಇನ್ನೂ ಕಮ್ಮಿ.

ನಿಮ್ಮ ಕೃಷಿ ಪುಟವೂ ಅಷ್ಟೇ ಅಲ್ವಾ? 1,000 ಅಡಿಯಲ್ಲಿ ನೀರು ಚಿಮ್ಮಿಸಿದ ದಾಳಿಂಬೆ ಬೆಳೆಗಾರರ ಫೋಟೊ ಬರುತ್ತದೆ. ಅಷ್ಟೇ ಕೊರೆಸಿ ಕೈಸುಟ್ಟುಕೊಂಡವರ ಫೋಟೊ ಬರಲ್ಲ. ಓದಿದವರು, ಅವನಿಗೆ ಸಿಕ್ಕಿದೆ ನನಗೂ ಸಿಗುತ್ತೆ ಅಂತ ಹೊರಡುತ್ತಾರೆ. ಸಾಧನೆಯ ಜೊತೆಗೆ ಆ ಊರಲ್ಲಿ ವಿಫಲವಾದ ಬೋರ್‌ಗಳ ಲೆಕ್ಕವನ್ನೂ ಒಂದು ಸಾಲಲ್ಲಿ ಕೊಡಿ.

ಪಂಚಾಯಿತಿಗಳಿಗೂ ಒಂದು ಮಾತು. ಊರಿನ ಪ್ರತಿ ಬೋರ್‌ನ ಆಳ, ಸಿಕ್ಕ ನೀರು, ಬತ್ತಿದ ವರ್ಷ, ಇಷ್ಟನ್ನು ಸರ್ವೆ ನಂಬರಿನ ಜೊತೆ ಕಚೇರಿ ಗೋಡೆಗೆ ಬರೆಸಿ. ಹೆಸರು ಬೇಡ, ನಾಚಿಕೆ ಪಡುವವರಿದ್ದಾರೆ. ಬತ್ತಿದ್ದಕ್ಕೆ ಮುಚ್ಚಳ ಹಾಕಿದ್ದಾರೋ ಇಲ್ಲವೋ ಅನ್ನುವುದನ್ನೂ ಅದರಲ್ಲೇ ಸೇರಿಸಿ.

– ಮೋಟಾರು ರಿವೈಂಡಿಂಗ್ ಅಂಗಡಿಯ ಓದುಗ, ಮಧುಗಿರಿ