ಅರ್ತ್ ಹೊಡೆಯುವುದಿಲ್ಲ

ಸಂಪಾದಕರೇ,

‘ಗ್ರೈಂಡರ್ ಅರ್ತ್ ಹೊಡೀತದೆ, ಸ್ವಲ್ಪ ನೋಡಿ ಮಾರಾಯ್ರೇ’ ಎಂದು ಜನ ಬಂದರೆ ನಾನು ತಕರಾರು ಮಾಡುವುದಿಲ್ಲ. ಶಿರಸಿಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡೇ ತಲೆ ನರೆತವನು, ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಹೇಳುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಆದರೆ ಪತ್ರಿಕೆಯಲ್ಲೂ ‘ಅರ್ತ್ ಹೊಡೆದು ಗಾಯ’ ಎಂದೇ ಅಚ್ಚಾದರೆ ಸುಮ್ನೆ ಕೂರಲು ಆಗುವುದಿಲ್ಲ.

ಹೊಡೆಯುವುದು ಅರ್ತ್ ಅಲ್ಲ. ಒಳಗೆ ಕರೆಂಟು ತರುವ ಫೇಸ್ ತಂತಿಯ ಸಿಪ್ಪೆ ಸವೆದು ಗ್ರೈಂಡರಿನ ಹೊರಮೈಗೆ ತಾಗಿರುತ್ತದೆ, ನೀವು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟುತ್ತೀರಿ, ಕರೆಂಟಿಗೆ ನೆಲಕ್ಕೆ ಇಳಿಯಲು ನಿಮ್ಮ ಮೈಯೇ ದಾರಿಯಾಗುತ್ತದೆ. ಅರ್ತ್ ಎಂದರೆ ಆ ಹೊರಮೈಯಿಂದ ಪ್ಲಗ್ಗಿನ ಮೂಲಕ ನೆಲಕ್ಕೆ ಇಳಿಯುವ ಹಸಿರು ತಂತಿ. ಅದು ಸರಿಯಿದ್ದರೆ ಸೋರಿದ ಕರೆಂಟು ಅದನ್ನು ಹಿಡಿದು ಇಳಿದು ಹೋಗುತ್ತಿತ್ತು. ತ್ರೀಪಿನ್ ಪ್ಲಗ್ಗಿನಲ್ಲಿ ಅರ್ತಿನ ಪಿನ್ ಉದ್ದ ಇರುವುದೂ ಅದಕ್ಕೇ, ಮೊದಲು ಸೇರಬೇಕು, ಕೊನೆಗೆ ಬಿಡಬೇಕು. ಮಾತು ತಪ್ಪಾದರೆ ಏನೀಗ ಅನ್ನಬೇಡಿ. ‘ಅರ್ತ್ ಹೊಡೀತದೆ’ ಎಂದು ಪ್ಲಗ್ ಬಿಚ್ಚಿ ಆ ಹಸಿರು ತಂತಿಯನ್ನೇ ಕತ್ತರಿಸಿ ಬಂದವರನ್ನು ನಾನು ನೋಡಿದ್ದೇನೆ!

ನಮ್ಮ ಕಡೆ ಚಿರೆಕಲ್ಲಿನ ನೆಲ ಬೇರೆ. ಮಳೆಗಾಲದಲ್ಲಿ ತೊಂದರೆ ಇಲ್ಲ, ಏಪ್ರಿಲ್ ಹೊತ್ತಿಗೆ ಒಣಗಿ, ಆ ತಂತಿ ಕೊನೆಗೆ ನೆಲ ಸೇರುವ ಅರ್ತ್ ಗುಂಡಿ ಇದ್ದೂ ಇಲ್ಲದ ಹಾಗೆ. ಮನೆ ಕಟ್ಟುವಾಗ ಇದ್ದಲು, ಉಪ್ಪು ಹಾಕಿ ಮುಚ್ಚಿದರೆ ಮುಗಿಯಲಿಲ್ಲ, ಬೇಸಿಗೆಯಲ್ಲಿ ಆಗಾಗ ನಾಲ್ಕು ಕೊಡ ನೀರು ಹೊಯ್ಯಬೇಕು. ತೋಟಕ್ಕೆ ಬಿಡುವ ನೀರಿನಲ್ಲಿ ಅಷ್ಟು ಉಳಿಯುವುದಿಲ್ವಾ?

ಇನ್ನು ‘ಗ್ರೌಂಡ್’. ಎಲೆಕ್ಟ್ರಾನಿಕ್ಸಿನಲ್ಲಿ ಈ ಮಾತು ಬಂದಾಗೆಲ್ಲ ನೆಲ, ಭೂಸಂಪರ್ಕ ಎಂದು ಬರೆದುಬಿಡುತ್ತಾರೆ. ಸೆಲ್ ಹಾಕಿದ ರೇಡಿಯೊಗೆ ನೆಲ ಎಲ್ಲಿದೆ? ಕೈಯಲ್ಲಿ ಹಿಡಿದುಕೊಂಡೇ ಹಾಡು ಕೇಳುತ್ತೇವೆ. ಅಲ್ಲಿ ಗ್ರೌಂಡ್ ಎಂದರೆ ಸೊನ್ನೆ ವೋಲ್ಟ್ ಎಂದು ನಾವೇ ಇಟ್ಟುಕೊಂಡ ಜಾಗ, ವೋಲ್ಟ್ ಅಳೆಯುವಾಗ ಮೀಟರಿನ ಕಪ್ಪು ವೈರ್ ಇಡುವ ಜಾಗ. ಈಗ ಹೆಚ್ಚಾಗಿ ಮೈನಸ್ ಕಡೆ ಇರುತ್ತದೆ. ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಎಷ್ಟೋ ಸಲ ಪ್ಲಸ್ಸೇ ಗ್ರೌಂಡ್! ಕಲಿಯುವಾಗ ಇದು ಗೊತ್ತಿಲ್ಲದೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೆ. ಬೈಕಿನ ಮೆಕ್ಯಾನಿಕ್ ‘ಬಾಡಿ ಅರ್ತ್’ ಅನ್ನುವುದೂ ಇದನ್ನೇ, ಟೈರಿನ ಮೇಲೆ ನಿಂತ ಗಾಡಿಗೆ ಭೂಮಿಯ ಹಂಗಿಲ್ಲ.

ಇದಕ್ಕೆಲ್ಲ ಹೊಸ ಕನ್ನಡ ಪದ ಹುಡುಕಿ ಎಂದು ನಾನು ಹೇಳುತ್ತಿಲ್ಲ. ಅರ್ತ್, ಗ್ರೌಂಡ್ ಎಂದೇ ಬರೆಯಿರಿ. ಹೊಡೆದದ್ದಕ್ಕೆ ಮಾತ್ರ ‘ಶಾಕ್’ ಅನ್ನಿ, ಅದು ಎಲ್ಲರಿಗೂ ಗೊತ್ತು.

– ಒಬ್ಬ ಓದುಗ, ಶಿರಸಿ