ನಾಳೆಯ ಚಿತ್ರಕಥೆಯಲ್ಲಿ ನಮ್ಮ ಸಿದ್ದಿಗಳೂ ಇರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಆಫ್ರೋಫ್ಯೂಚರಿಸಂ ಬಗ್ಗೆ ಬಂದ ಬರಹ ಓದಿದೆ. ಕಪ್ಪು ಜನ ತಮ್ಮ ಮುಂದಿನ ಕಾಲವನ್ನು ಕಥೆ, ಚಿತ್ರ, ಸಿನಿಮಾಗಳಲ್ಲಿ ತಾವೇ ಕಲ್ಪಿಸಿಕೊಳ್ಳುವುದಕ್ಕೆ ಈ ಹೆಸರು. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಬರಹ ಬ್ಲ್ಯಾಕ್ ಪ್ಯಾಂಥರ್ ಸಿನಿಮಾದಿಂದ ಶುರುವಾಗಿ ಅಲ್ಲೇ ಮುಗಿದುಹೋಯಿತು. ಇದೆಲ್ಲ ಅಮೆರಿಕದವರ ವಿಚಾರ, ನಮಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಧಾಟಿ ಅದರಲ್ಲಿತ್ತು. ಅದನ್ನು ನಾನು ಒಪ್ಪುವುದಿಲ್ಲ. ನಾನು ಯಲ್ಲಾಪುರ ಕಡೆಯವಳು, ವಾಸ್ಕೊದ ಒಂದು ಕನ್ನಡ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಆಫ್ರಿಕಾ ಮೂಲದ ಸಿದ್ದಿಗಳು ನಮ್ಮ ಕಡೆಯವರೇ. ಯಲ್ಲಾಪುರ, ಗೋವಾ ಎರಡನ್ನೂ ಬಲ್ಲವರಿಗೆ ಇದು ಮನೆಯ ವಿಚಾರವೇ.

ನಮ್ಮ ಚಿಕ್ಕಂದಿನಲ್ಲಿ ಆಫ್ರಿಕಾ ಅಂದರೆ ಇಂದ್ರಜಾಲ ಕಾಮಿಕ್ಸ್. ದಟ್ಟ ಕಾಡು, ತಲೆಬುರುಡೆಯ ಗುಹೆ, ಅದರಲ್ಲಿ ಬಿಳಿಯ ಫ್ಯಾಂಟಮ್. ಸುತ್ತ ಅವನ ಮಾತು ಕೇಳುವ ಕಪ್ಪು ಜನ. ಮ್ಯಾಂಡ್ರೇಕನ ಜೊತೆಗಿದ್ದ ಲೋಥಾರ್ ಆಫ್ರಿಕಾದ ರಾಜಕುಮಾರ. ರಾಜ್ಯ ಬಿಟ್ಟು ಜಾದೂಗಾರನ ಹಿಂದೆ ಬಂದವನು. ಯಾಕೆ ಬಂದ ಅಂತ ಯಾರೂ ಕೇಳಲಿಲ್ಲ. ಅಂಥ ಚಿತ್ರಗಳನ್ನೇ ನೋಡಿ ಬೆಳೆದ ಕಪ್ಪು ಜನ ತಾವೇ ಕುಂಚ ಹಿಡಿದರೆ ಏನಾಗುತ್ತದೆ ಅನ್ನುವುದು ನಿಮ್ಮ ಬರಹದಲ್ಲಿ ಬರಲೇ ಇಲ್ಲ.

ಪುಣೆಯಲ್ಲಿ ಓದುವ ಅಕ್ಕನ ಮಗ ರಜೆಗೆ ಬಂದಾಗ ‘ಕಿಂಡ್ರೆಡ್’ ತಂದುಕೊಟ್ಟ. ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ ಕಾದಂಬರಿ ಅದು. 2017ರಲ್ಲಿ ಡೇಮಿಯನ್ ಡಫಿ ಮತ್ತು ಜಾನ್ ಜೆನಿಂಗ್ಸ್ ಅದನ್ನು ಗ್ರಾಫಿಕ್ ಕಾದಂಬರಿ ಮಾಡಿದರು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬದುಕುತ್ತಿರುವ ಡೇನಾ ಎಂಬ ಕಪ್ಪು ಹೆಂಗಸು ಇದ್ದಕ್ಕಿದ್ದಂತೆ ನೂರೈವತ್ತು ವರ್ಷಕ್ಕೂ ಹಿಂದೆ, ಗುಲಾಮರನ್ನು ದುಡಿಸುವ ಮೇರಿಲ್ಯಾಂಡಿನ ತೋಟಕ್ಕೆ ಹೋಗಿ ಬೀಳುತ್ತಾಳೆ. ಚಿತ್ರಕಲೆಯವಳಾಗಿ ನಾನು ಮೊದಲು ನೋಡಿದ್ದು ಬಣ್ಣ. 1976ರ ಪುಟಗಳೆಲ್ಲ ಮಾಸಲು ಕಂದು. ಅವಳು ಹಿಂದಿನ ಕಾಲಕ್ಕೆ ಬಿದ್ದ ಕೂಡಲೇ ಹಸಿರು, ಕೆಂಪು, ನೀಲಿ ಎಲ್ಲಾ ಎದ್ದು ಬರುತ್ತವೆ. ನಾವು ಮಕ್ಕಳಿಗೆ ಹೇಳಿಕೊಡುವುದು ಇದಕ್ಕೆ ಉಲ್ಟಾ, ಅಲ್ವಾ? ಹಳೆಯದು ಅಂದರೆ ಮಾಸಲು, ಹೊಸದು ಅಂದರೆ ಬಣ್ಣ. ಇಲ್ಲಿ ಡೇನಾಳ ಪಾಲಿಗೆ ಗುಲಾಮಗಿರಿ ಮುಗಿದ ಕಥೆಯಲ್ಲ. ಅವಳ ಇವತ್ತಿಗಿಂತ ಅದೇ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಮಾತಿನಲ್ಲಿ ಹೇಳಲು ಎಷ್ಟು ಪುಟ ಬೇಕಾಗುತ್ತಿತ್ತೋ. ಚಿತ್ರಕಥೆ ಮಕ್ಕಳಾಟ ಅನ್ನುವವರು ಈ ಪುಸ್ತಕ ತೆರೆದು ನೋಡಬೇಕು.

ಆಮೇಲೆ ನ್ನೆಡಿ ಒಕೊರಾಫೊರ್ ಬರೆದ ‘ಲಗಾರ್ಡಿಯಾ’ ಓದಿದೆ. ವಿಜ್ಞಾನ ಕಥೆ, ಕಲ್ಪನಾ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು 2020ರಲ್ಲಿ ಪಡೆದ ಚಿತ್ರಕಥೆ. ನೈಜೀರಿಯಾ ಮೂಲದ ಬಸುರಿ ಡಾಕ್ಟರ್ ಒಬ್ಬಳು ಬೇರೆ ಗ್ರಹದ ಗಿಡದಂಥ ಜೀವಿಯನ್ನು ಬಚ್ಚಿಟ್ಟುಕೊಂಡು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾಳೆ. ಅಲ್ಲಿಯ ತಪಾಸಣೆ ಎಂಥದ್ದು ಅಂತ, ಕೆಲಸ ಹುಡುಕಿಕೊಂಡು ಗೋವಾಕ್ಕೆ ಬಂದ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಫ್ರೋಫ್ಯೂಚರಿಸಂ ಎಂಬ ಹೆಸರು 1993ರಲ್ಲಿ ಅಮೆರಿಕದ ವಿಮರ್ಶಕ ಮಾರ್ಕ್ ಡೆರಿ ಕೊಟ್ಟಿದ್ದು. ಆಗ ಅವರು ಒಂದು ಪ್ರಶ್ನೆಯನ್ನೂ ಎತ್ತಿದ್ದರು. ಬೇಕಂತಲೇ ಯಾರ ಹಿಂದಿನ ಕಾಲವನ್ನು ಒರೆಸಿಹಾಕಿದ್ದಾರೋ, ಆ ಜನ ಮುಂದಿನ ಕಾಲವನ್ನು ಊಹಿಸಿಕೊಳ್ಳುವುದು ಹೇಗೆ? ಸಂಪಾದಕರೇ, ಈ ಪ್ರಶ್ನೆ ಗೋವಾದ್ದೂ ಹೌದು. ಹಳೇ ಗೋವಾದಲ್ಲಿ ದಿವಾರ್ ದ್ವೀಪಕ್ಕೆ ಫೆರ್ರಿ ಹೊರಡುವ ಜಾಗದಲ್ಲಿ ವೈಸರಾಯ್ ಕಮಾನು ಇದೆಯಲ್ಲ, ಅಲ್ಲಿಂದ ಊರೊಳಗೆ ಹೋಗುವ ಬೀದಿಯೇ ರುವಾ ದಿರೈತಾ. 1580ರ ದಶಕದಲ್ಲಿ ಗೋವಾದಲ್ಲಿದ್ದ ಡಚ್ಚರ ಲಿನ್‌ಸ್ಕೋಟೆನ್ ಆ ಬೀದಿಯ ಬೆಳಗಿನ ಹರಾಜಿನ ಬಗ್ಗೆ ಬರೆದಿಟ್ಟಿದ್ದಾನೆ. ಅರಬ್ಬಿ ಕುದುರೆ, ಸಾಂಬಾರ ಪದಾರ್ಥ, ಜೊತೆಗೆ ಮನುಷ್ಯರು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದವರೂ ಹೀಗೆ ಮಾರಾಟವಾದರು. ಇಂಥವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ನಮ್ಮ ಸಿದ್ದಿಗಳು. ಮನೆಯಲ್ಲಿ ಕೊಂಕಣಿ, ಪೇಟೆಗೆ ಬಂದರೆ ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಆದರೂ ಕನ್ನಡ ಪತ್ರಿಕೆಗಳಲ್ಲಿ ಸಿದ್ದಿಗಳ ಫೋಟೊ ಅಂದರೆ ಹೆಚ್ಚಾಗಿ ಡಮಾಮಿ ಕುಣಿತದ್ದೇ. ಕುಣಿತ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಅದೊಂದೇ ಸಾಲದು.

ಈಚೆಗೆ ಆರನೇ ಕ್ಲಾಸಿಗೆ ‘ನೂರು ವರ್ಷದ ನಂತರ ನಮ್ಮ ಊರು’ ಅಂತ ಚಿತ್ರ ಬರೆಯಲು ಕೊಟ್ಟಿದ್ದೆ. ಹಾರುವ ಬಸ್ಸು, ಗಾಜಿನ ಕಟ್ಟಡ, ಬಂದರಿನಲ್ಲಿ ರೋಬೋಟುಗಳು. ಒಬ್ಬ ಸಿದ್ದಿ ಹುಡುಗಿ ಎಲ್ಲರಿಗಿಂತ ಚೆಂದ ಬರೆದಿದ್ದಳು. ಕ್ರೇನಿನ ಒಂದೊಂದು ಕಂಬಿಯನ್ನೂ ಎಣಿಸಿದಂತೆ ಗೆರೆ ಎಳೆದಿದ್ದಳು. ಆದರೆ ಅದರಲ್ಲಿದ್ದ ಜನರೆಲ್ಲ ಬೆಳ್ಳಗೆ, ನೆಟ್ಟ ಕೂದಲು. “ಇದರಲ್ಲಿ ನೀನು ಎಲ್ಲಿದ್ದೀಯಮ್ಮಾ?” ಅಂತ ಕೇಳಿದೆ. “ನಾವು ಊರಲ್ಲೇ ಇರ್ತೇವಲ್ಲ ಟೀಚರ್, ಕಾಡಲ್ಲಿ” ಅಂದಳು. ಅವಳ ಅಪ್ಪ ಇಲ್ಲೇ ಕಟ್ಟಡ ಕೆಲಸ ಮಾಡುತ್ತಾರೆ. ಅವಳು ಓದುವುದೂ ಇಲ್ಲೇ. ಆದರೂ ನೂರು ವರ್ಷದ ಆಚೆಗಿನ ವಾಸ್ಕೊದಲ್ಲಿ ಅವಳಿಗೆ ಅವಳೇ ಕಾಣಲಿಲ್ಲ. ತನ್ನಂಥವರನ್ನು ಅಂಥ ಚಿತ್ರದಲ್ಲಿ ಅವಳು ನೋಡಿದ್ದಾದರೂ ಎಲ್ಲಿ?

ಅದಕ್ಕೇ ಈ ಕೋರಿಕೆ. ನಿಮ್ಮ ಪುರವಣಿಯಲ್ಲಿ ಸಿದ್ದಿಗಳ ನಾಳೆಯ ಬಗ್ಗೆ ಒಂದು ಚಿತ್ರಕಥೆ ಧಾರಾವಾಹಿಯಾಗಿ ಬರಲಿ. ಹಿಂದೆ ದಖ್ಖನಿನಲ್ಲಿ ಅಧಿಕಾರ ನಡೆಸಿದ ಆಫ್ರಿಕಾ ಮೂಲದ ಮಲಿಕ್ ಅಂಬರ್, ಜಂಜೀರಾದ ಸಿದ್ದಿಗಳು, ಬಿಜಾಪುರದ ಇಖ್ಲಾಸ್ ಖಾನ್ ಇವರ ಕಥೆಗಳೂ ಬೇಕು. ಆದರೆ ಅವು ರಾಜರ, ಸರದಾರರ ಕಥೆ, ಆಗಿಹೋದ ಕಥೆ. ನನಗೆ ಬೇಕಾಗಿರುವುದು 2125ರಲ್ಲಿ ಕಾಳಿ ನದಿಯ ಕಣಿವೆಯಲ್ಲಿ ಬದುಕುವ ಸಿದ್ದಿ ಇಂಜಿನಿಯರಮ್ಮನ ಕಥೆ.

ಪುಟದ ವಿನ್ಯಾಸವನ್ನು ಅಮೆರಿಕದಿಂದ ತರಬೇಕಾಗಿಲ್ಲ. ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ. ಹಳೇ ಸೀರೆ, ಅಂಗಿಗಳ ತುಂಡನ್ನು ಅಂಚಿನಿಂದ ಹಚ್ಚುತ್ತಾ, ಸುತ್ತು ಸುತ್ತಾಗಿ ಒಳಗೆ ಬಂದು ನಡುವೆ ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫುಲ’ ಇಡಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ಚಿತ್ರಕಥೆಯ ಚೌಕಗಳನ್ನೂ ಹೀಗೇ ಜೋಡಿಸಬಹುದು. ಕಣ್ಣು ಅಂಚಿನಿಂದ ಶುರುಮಾಡಿ ಸುತ್ತಿ ಬಂದು ನಡುವೆ ನಿಲ್ಲಲಿ. ನಾನು ಪೆನ್ಸಿಲ್ಲಿನಲ್ಲಿ ಬರೆದು ನೋಡಿದ್ದೇನೆ, ಓದಲು ಆಗುತ್ತದೆ. ಆ ಹಾಳೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಕಥೆ ಮಾತ್ರ ಸಿದ್ದಿ ಯುವಕ ಯುವತಿಯರೇ ಬರೆಯಬೇಕು. ಹಳಿಯಾಳ, ಯಲ್ಲಾಪುರದಲ್ಲಿ ಕಾಲೇಜು ಓದಿದವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಸುಮ್ನೆ ‘ಮಾಹಿತಿ ಕೊಟ್ಟವರು’ ಅಂತ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕಬೇಡಿ. ಹೆಸರು ಮೇಲೆ ಬರಲಿ, ನಿಮ್ಮ ಬೇರೆ ಲೇಖಕರಿಗೆ ಕೊಡುವಷ್ಟೇ ಸಂಭಾವನೆ ಸಿಗಲಿ. ಪುಟವನ್ನು ಬಣ್ಣದಲ್ಲೇ ಅಚ್ಚು ಹಾಕಿ. ಕೌದಿಯನ್ನು ಕಪ್ಪು ಬಿಳುಪಿನಲ್ಲಿ ತೋರಿಸಲು ಬರುವುದಿಲ್ಲ.

ಇಂತಿ,
ಒಬ್ಬ ಚಿತ್ರಕಲಾ ಶಿಕ್ಷಕಿ
ವಾಸ್ಕೊ, ಗೋವಾ