ಪೌಲೀನಳೂ ನಮ್ಮ ಇವಳೂ

ಹೋಯ್ ಮಾರಾಯ,

ವಾಟ್ಸಾಪಲ್ಲಿ ಎಂತ ಬರೆದ್ರೂ ನೀನು ಬರೀ ಹೆಬ್ಬೆಟ್ಟು ಒತ್ತುವ ಜನ, ಹಾಗಾಗಿ ಈ ಸಲ ಊರೆಲ್ಲ ನೋಡುವ ಹಾಗೆ ಇಲ್ಲೇ ಬರೀತಿದ್ದೇನೆ. ನೀನು ನಂಗೆ ಕೊಡ್ಲಿಕ್ಕಿರುವ ಆ ಎರಡು ರೂಪಾಯಿ ವಿಷಯ ಎತ್ತುವುದಿಲ್ಲ, ಹೆದರ್ಬೇಡ.

ಮೊನ್ನೆ ಆದಿತ್ಯವಾರ ಎಸ್ಲಿಂಗನ್‌ಗೆ ಹೋಗಿದ್ದೆ, ಇಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಜರ್ಮನ್ ಪಾದ್ರಿ ಮೋಗ್ಲಿಂಗ್ ಉಂಟಲ್ಲ, 1881ರಲ್ಲಿ ತೀರಿಹೋದದ್ದು ಅಲ್ಲೇ. ಸೆಲ್ಫಿ ಹೊಡೆದು ರಾಜ್ಯೋತ್ಸವಕ್ಕೆ ಬಿಲ್ಡಪ್ ಕೊಡುವ ಅಂತ ನನ್ನ ಪ್ಲಾನು. ಟ್ರೇನಲ್ಲಿ ಅವನ ಬಗ್ಗೆ ಓದ್ತಾ ಓದ್ತಾ ಅವನ ಹೆಂಡತಿ ಪೌಲೀನ ಸಿಕ್ಕಿದಳು, ಬಿಲ್ಡಪ್ ಅಲ್ಲಿಗೇ ಠುಸ್.

ಮೋಗ್ಲಿಂಗನ್ನ ಇಂಡಿಯಾಕ್ಕೆ ಕಳಿಸಿದ್ದು ಬಾಸೆಲ್ ಮಿಶನ್, ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ. ಆ ಕಾಲದಲ್ಲಿ ಅವರು ಹುಡುಗರನ್ನ ಒಂಟಿಯಾಗಿ ಕಳಿಸಿ, ಕೆಲವು ವರ್ಷ ದುಡಿದ ಮೇಲೆ ಕಮಿಟಿ ಒಪ್ಪಿದ್ರೆ ಮಾತ್ರ ಮದುವೆ, ಹುಡುಗಿ ಹಡಗು ಹತ್ತಿ ಬರುವುದು, ಎಷ್ಟೋ ಜನ ಗಂಡನ ಮುಖ ಸರಿಯಾಗಿ ನೋಡದವರೇ. ಪೌಲೀನ ಬಂದದ್ದು ವೈಗ್ಲೆ ಎಂಬವನನ್ನ ಮದುವೆಯಾಗ್ಲಿಕ್ಕೆ, ಅವನು 1855ರಲ್ಲಿ ತೀರಿಹೋದ, ಮತ್ತೆ ಅವನ ದೋಸ್ತಿ ಮೋಗ್ಲಿಂಗನ ಜೊತೆ ಮದುವೆ, ಮತ್ತೆ ಕೊಡಗು. ಜೀತದಿಂದ ಬಂದು ಕ್ರೈಸ್ತರಾದವರಿಗೆ ಅಂತ ಆನಂದಪುರ ಎಂಬ ಹೊಸ ಊರು ಕಟ್ತಾ ಇದ್ರು ಅಲ್ಲಿ. ಆ ಮಳೆ, ಆ ಇಂಬಳ! 1860ರಲ್ಲಿ ವಾಪಸ್. ಊರು ಕಟ್ಟಿದ ಕತೆ ನಾನು ಓದಿದಲ್ಲೆಲ್ಲ ಪುಟಗಟ್ಟಲೆ ಉಂಟು, ಅವಳ ಬಗ್ಗೆ ಒಂದೇ ಸಾಲು, ಹೆಂಡತಿಗೆ ಹುಷಾರಿಲ್ಲದೆ ಮರಳಿದ ಅಂತ.

ನಾನೂ ಹಾಗೇ ಅಲ್ವಾ ಹೇಳುವುದು, "ಮಿಸೆಸ್ ಚೆನ್ನಾಗಿ ಅಡ್ಜಸ್ಟ್ ಆಗಿದ್ದಾಳೆ", ಮುಗೀತು. ವೀಸಾ ಬಂದ ದಿನ ನಾನು ಇವಳತ್ರ ಕೇಳಿದ್ದು "ಬರ್ತೀಯಾ" ಅಂತ ಅಲ್ಲ ಮಾರಾಯ, "ನಿಂದು ನೋಟಿಸ್ ಪೀರಿಯಡ್ ಎಷ್ಟು ದಿನ" ಅಂತ. ಹನ್ನೊಂದು ವರ್ಷ ಪಾಠ ಮಾಡಿದ ಕಾಲೇಜು. ಇಲ್ಲಿ ಮೊದಲನೇ ಚಳಿಗಾಲ ಮಧ್ಯಾಹ್ನ ಹೊತ್ತು ಸುಮ್ಮನೆ ರೈಲ್ವೆ ಸ್ಟೇಷನಿಗೆ ಹೋಗಿ ಕೂತ್ಕೊಳ್ತಿದ್ದಳು, ಜನರ ಗಲಾಟೆ ಕೇಳ್ಲಿಕ್ಕೆ. ನಂಗೆ ಗೊತ್ತಿತ್ತು. ಕೇಳಿದ್ರೆ "ಊರಿಗೆ ಹೋಗುವ" ಅಂತಾಳೆ ಅಂತ ಹೆದರಿ ಕೇಳ್ಲೇ ಇಲ್ಲ. ಅಮ್ಮನತ್ರ ಫೋನಲ್ಲಿ "ಇಲ್ಲಿ ಎಲ್ಲ ಲಾಯ್ಕುಂಟು" ಅಂತಿದ್ದಳಲ್ಲ, ಅಷ್ಟು ಸಾಕಿತ್ತು ನಂಗೆ.

ಛೆ, ಇಷ್ಟೆಲ್ಲ ಬರೀಬೇಕು ಅಂತ ಇರ್ಲಿಲ್ಲ, ಚಳಿಗೆ ತಲೆ ಕೆಟ್ಟದ್ದು. ಸೆಲ್ಫಿ ತೆಗ್ದದ್ದು ಹೌದು, ಅದ್ರಲ್ಲಿ ನನ್ನ ಹೊಟ್ಟೆ ಮಾತ್ರ ಕಾಣ್ತದೆ, ಮೋಗ್ಲಿಂಗೂ ಇಲ್ಲ ಊರೂ ಇಲ್ಲ. ಇವಳು ಇದನ್ನ ಓದಿ ಸಿಟ್ಟಾದ್ರೆ ರಾತ್ರಿ ನಂಗೆ ಬ್ರೆಡ್ಡೇ ಗತಿ. ನೀನು ಬರುವಾಗ ಐದು ಕಿಲೋ ಕುಚ್ಚಲಕ್ಕಿ ತಾ, ಆ ಎರಡು ರೂಪಾಯಿಯಲ್ಲಿ ಹಿಡ್ಕೋ.